ಬಚ್ಚಲಿನ ಗಾಳಿ ಎಲ್ಲಿಗೆ ಹೋಗಬೇಕು?

‘ಹಳೇ ಎಕ್ಸಾಸ್ಟ್ ಫ್ಯಾನ್ ಕೆಟ್ಟಿತ್ತು, ಹೊಸದು ಹಾಕಿಸಿದೆವು. ಆದರೂ ಸ್ನಾನವಾದ ಮೇಲೆ ಗೋಡೆಯಲ್ಲೆಲ್ಲ ನೀರಿಳಿಯುತ್ತದೆ, ಮೂಲೆಯ ಬೂಷ್ಟು ಹೋಗಿಲ್ಲ.’ ಮಳೆಗಾಲ ಬಂತೆಂದರೆ ಅನೇಕ ಮನೆಗಳಲ್ಲಿ ಕೇಳಿಬರುವ ದೂರು ಇದು. ಅಂಗಡಿಯವರನ್ನು ದೂರುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಬಚ್ಚಲಿನ ಬಾಗಿಲು ಮುಚ್ಚಿ, ಫ್ಯಾನ್ ಹಾಕಿ, ಹೊರಗಿನಿಂದ ಬಾಗಿಲ ಕೆಳಗಿನ ಸಂದಿಯ ಬಳಿ ತೆಳು ಕಾಗದದ ಪಟ್ಟಿಯೊಂದನ್ನು ಹಿಡಿಯಿರಿ. ಕಾಗದ ಒಳಮುಖವಾಗಿ ಬಾಗಿದರೆ ಫ್ಯಾನ್ ಕೆಲಸ ಮಾಡುತ್ತಿದೆ. ಸುಮ್ಮನೆ ತೂಗುತ್ತಿದ್ದರೆ ರೆಕ್ಕೆ ತಿರುಗುತ್ತಿದೆ ಅಷ್ಟೆ, ಗಾಳಿ ಸಾಗುತ್ತಿಲ್ಲ.

ಎಷ್ಟು ಗಾಳಿ ಒಳಬರುತ್ತದೋ ಅಷ್ಟೇ ಗಾಳಿ ಹೊರಹೋಗಬಲ್ಲದು. ಈಗಿನ ಪ್ಲಾಸ್ಟಿಕ್ ಬಾಗಿಲುಗಳು ನೆಲಕ್ಕೆ ಒತ್ತಿಕೊಂಡಂತೆ ಮುಚ್ಚಿಕೊಳ್ಳುತ್ತವೆ. ಒಳಗಿನ ಒತ್ತಡ ಸ್ವಲ್ಪ ಇಳಿದೊಡನೆ ಫ್ಯಾನ್ ಸೋತು ಬರಿದೇ ಗುಂಯ್‌ಗುಡುತ್ತದೆ. ಬಾಗಿಲ ಕೆಳಗೆ ಮುಕ್ಕಾಲು ಅಂಗುಲ ಸಂದಿ ಬಿಡಿಸಿದರೆ ಸಾಕು. ಇನ್ನು ಕೆಲವರು ಫ್ಯಾನಿನ ಪಕ್ಕದ ಕಿಟಕಿಯನ್ನೇ ತೆರೆದಿಡುತ್ತಾರೆ. ಆಗ ಗಾಳಿ ಅಲ್ಲೇ ಬಂದು ಅಲ್ಲೇ ಹೋಗುತ್ತದೆ, ಮೂಲೆಯ ಬೂಷ್ಟಿಗೆ ಅದರ ಸುದ್ದಿಯೇ ಮುಟ್ಟುವುದಿಲ್ಲ. ಗಾಳಿ ಬಾಗಿಲ ಕಡೆಯಿಂದ ಬಂದು ಇಡೀ ಕೋಣೆ ದಾಟಿ ಎದುರು ಗೋಡೆಯ ಮೇಲ್ಭಾಗದಿಂದ ಹೋಗಬೇಕು.

ಗೋಡೆಯ ನೀರಿನ ಲೆಕ್ಕವನ್ನು ಪ್ರೌಢಶಾಲೆಯ ಮಕ್ಕಳೇ ಮಾಡಬಹುದು. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 30 ಗ್ರಾಂ ನೀರಾವಿಯನ್ನು ಹಿಡಿದಿಡಬಲ್ಲದು. 20 ಡಿಗ್ರಿಗೆ ಇಳಿದರೆ ಸುಮಾರು 17 ಗ್ರಾಂ ಮಾತ್ರ. ಎಂಟು ಅಡಿ ಉದ್ದ, ಐದು ಅಡಿ ಅಗಲ, ಒಂಬತ್ತು ಅಡಿ ಎತ್ತರದ ಬಚ್ಚಲಿನಲ್ಲಿ ಹತ್ತು ಘನ ಮೀಟರ್ ಗಾಳಿ ಇರುತ್ತದೆ. ಬಿಸಿನೀರ ಸ್ನಾನದ ಹಬೆ ತುಂಬಿದ ಆ ಗಾಳಿ ತಣ್ಣಗಾದರೆ 130 ಗ್ರಾಂ, ಅಂದರೆ ಅರ್ಧ ಲೋಟಕ್ಕೂ ಮೀರಿದ ನೀರು ಗೋಡೆಗಿಳಿಯುತ್ತದೆ. ಇದು ಒಬ್ಬರ ಸ್ನಾನಕ್ಕೆ. ಮನೆಯಲ್ಲಿ ಐದು ಜನರಿದ್ದರೆ? ಆದ್ದರಿಂದಲೇ ಕೊನೆಯವರ ಸ್ನಾನ ಮುಗಿದ ಮೇಲೂ ಹದಿನೈದು ಇಪ್ಪತ್ತು ನಿಮಿಷ ಫ್ಯಾನ್ ಓಡುತ್ತಿರಲಿ.

ಹಂಡೆಯೊಲೆಯ ಹಳೇ ಬಚ್ಚಲುಮನೆಗೆ ಫ್ಯಾನೇ ಬೇಕಿರಲಿಲ್ಲ. ಹೆಂಚುಗಳ ಸಂದಿಯಿಂದ ಹಬೆಯೂ ಹೊಗೆಯೂ ತಾವಾಗಿಯೇ ಹೊರಟುಹೋಗುತ್ತಿದ್ದವು. ಕಾಂಕ್ರೀಟ್ ಸೂರು, ಟೈಲ್ಸ್ ಗೋಡೆಗಳು ಆ ದಾರಿಯನ್ನು ಮುಚ್ಚಿದವು.

ಹೊಸ ಫ್ಯಾನ್ ಕೊಳ್ಳುವಾಗ ಗೋಡೆಯ ರಂಧ್ರವನ್ನು ಅಳೆದುಕೊಂಡೇ ಹೋಗಿ. ಗಂಟೆಗೆ ಎಂಟು ಹತ್ತು ಬಾರಿ ಗಾಳಿ ಬದಲಾದರೆ ಸಾಕೆಂದರೂ, ನಮ್ಮ ಲೆಕ್ಕದ ಬಚ್ಚಲಿಗೆ ಗಂಟೆಗೆ ನೂರು ಘನ ಮೀಟರ್ ಆಯಿತು. ಆರು ಅಂಗುಲದ ಫ್ಯಾನ್ ಧಾರಾಳವಾಗಿ ಸಾಕು. ಆದರೆ ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ಅಂಕಿ ಸಾಮಾನ್ಯವಾಗಿ ಅಡೆತಡೆಯಿಲ್ಲದ ಗಾಳಿಗೆ ಸಂಬಂಧಿಸಿದ್ದು. ಕೊಳವೆ ಉದ್ದವಾದಷ್ಟೂ, ಬಾಗು ಹೆಚ್ಚಿದಷ್ಟೂ ಅದು ಇಳಿಯುತ್ತದೆ. ಅಳತೆ, ಲೆಕ್ಕ ಮಕ್ಕಳಿಗಿರಲಿ. ವೈರಿಂಗ್ ಎಲೆಕ್ಟ್ರಿಷಿಯನ್‌ಗೇ ಬಿಡಿ. ಅವರು ಮೇನ್ ಸ್ವಿಚ್ ತೆಗೆದು, ಟೆಸ್ಟರ್ ಹಿಡಿದು ನೋಡಿಯೇ ಕೈ ಹಾಕಲಿ. ಲೋಹದ ಫ್ಯಾನಾದರೆ ಅರ್ಥ್ ತಂತಿ ಬೇಕೇ ಬೇಕು. ಸ್ವಿಚ್ ಬಚ್ಚಲಿನ ಹೊರಗಿರಬೇಕು.

ಗಾಳಿಯನ್ನು ಎಲ್ಲಿಗೆ ಬಿಡಬೇಕೆಂಬುದನ್ನೇ ಬಹಳ ಮಂದಿ ಯೋಚಿಸುವುದಿಲ್ಲ. ಅಟ್ಟಕ್ಕೋ ಫಾಲ್ಸ್ ಸೀಲಿಂಗ್‌ನೊಳಕ್ಕೋ ಬಿಟ್ಟರೆ ಬೂಷ್ಟು ಮನೆ ಬದಲಾಯಿಸುತ್ತದೆ, ಅಷ್ಟೆ. ನೇರವಾಗಿ ಬಯಲಿಗೆ ಬಿಡಬೇಕು. ಕೊಳವೆ ಹಾಕಲೇಬೇಕಾದರೆ ಒಳಮೈ ನುಣುಪಾದ ಪಿವಿಸಿ ಪೈಪು, ಆದಷ್ಟು ಗಿಡ್ಡ, ಹೊರಕ್ಕೆ ತುಸು ಇಳಿಜಾರು. ಇಲ್ಲದಿದ್ದರೆ ಒಳಗೆ ತಣಿದ ನೀರು ಮೋಟಾರಿನ ಮೇಲೇ ತೊಟ್ಟಿಕ್ಕುತ್ತದೆ. ಹೊರತುದಿಗೆ ತಾನಾಗಿ ಮುಚ್ಚಿಕೊಳ್ಳುವ ಪಟ್ಟಿಗಳಿರಲಿ. ಪಾರಿವಾಳಗಳಿಗೆ ಅದಕ್ಕಿಂತ ಒಳ್ಳೆಯ ಗೂಡು ಸಿಗುವುದಿಲ್ಲ!

ಬೂಷ್ಟಿನಿಂದ ಗೋಡೆ ಕೆಡಬಹುದು. ಬಚ್ಚಲಿನೊಳಗೆ ಗ್ಯಾಸ್ ಗೀಸರ್ ಇದ್ದರೆ ವಿಷಯ ಜೀವದ್ದು. ಗ್ಯಾಸ್ ಗೀಸರ್ ಇಟ್ಟ ಬಚ್ಚಲಿನಲ್ಲಿ ಉಸಿರುಗಟ್ಟಿ ಸತ್ತವರ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದುತ್ತೇವೆ. ‘ಗ್ಯಾಸ್ ಸೋರಿರಬೇಕು’ ಎಂದುಕೊಳ್ಳುತ್ತೇವೆ. ಅನಿಲ ಸೋರದಿದ್ದರೂ ಸಾವು ಬರಬಹುದು. ಒಂದು ಪಾಲು ಪ್ರೊಪೇನ್ ಪೂರ್ತಿ ಉರಿಯಲು ಐದು ಪಾಲು ಆಮ್ಲಜನಕ, ಅಂದರೆ ಸುಮಾರು 24 ಪಾಲು ಗಾಳಿ ಬೇಕು. ಬ್ಯೂಟೇನ್‌ಗೆ ಇನ್ನೂ ಹೆಚ್ಚು. ಸಾಮಾನ್ಯ ಗೀಸರೊಂದು ಕಾಲು ಗಂಟೆಯಲ್ಲಿ ಸುಮಾರು ಕಾಲು ಕಿಲೋ ಅನಿಲ ಉರಿಸಿದರೆ, ಮೂರು ಘನ ಮೀಟರಿಗೂ ಹೆಚ್ಚು ಗಾಳಿಯನ್ನು ಬಳಸಿಬಿಡುತ್ತದೆ. ಅದು ನಮ್ಮ ಬಚ್ಚಲಿನ ಮೂರರಲ್ಲೊಂದು ಪಾಲು. ಉರಿದು ಬಂದ ಗಾಳಿಯೇ ಮತ್ತೆ ಉರಿಗೆ ಸೇರಿದಂತೆ ದಹನ ಅರೆಬರೆಯಾಗಿ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಸಿಲಿಂಡರಿನ ಅನಿಲಕ್ಕೆ ಬೇಕೆಂದೇ ವಾಸನೆ ಬೆರೆಸಿರುತ್ತಾರೆ. ಇದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಇದನ್ನು ಅಪ್ಪಿಕೊಳ್ಳುತ್ತದೆ.

‘ಹಾಗಾದರೆ ಎಕ್ಸಾಸ್ಟ್ ಫ್ಯಾನ್ ಇದೆಯಲ್ಲ?’ ಎನ್ನಬಹುದು. ಇಲ್ಲಿಯೇ ಮೋಸ ಹೋಗುವುದು. ಒಳಬರುವ ದಾರಿಯಿಲ್ಲದ ಬಚ್ಚಲಿನಲ್ಲಿ ಫ್ಯಾನ್ ಹಾಕಿದರೆ, ಗೀಸರಿನ ಹೊಗೆಕೊಳವೆಯೇ ಗಾಳಿ ಬರುವ ದಾರಿಯಾಗಿ, ಹೊರಹೋಗಬೇಕಾದ ವಿಷಾನಿಲ ಹಿಂದಕ್ಕೆ ಮರಳಬಹುದು. ಫ್ಲಾಟುಗಳ ನಡುವಿನ ಇಕ್ಕಟ್ಟಾದ ಡಕ್ಟಿಗೆ ಎಲ್ಲರೂ ಬಿಟ್ಟ ಗಾಳಿ ಪಕ್ಕದ ಮನೆಗೆ ನುಗ್ಗುವುದೂ ಹೀಗೆಯೇ. ಆದ್ದರಿಂದ ಗ್ಯಾಸ್ ಗೀಸರ್ ಮತ್ತು ಸಿಲಿಂಡರ್ ಎರಡೂ ಬಚ್ಚಲಿನ ಹೊರಗೆ, ಗಾಳಿಯಾಡುವ ಜಾಗದಲ್ಲಿರಲಿ. ಬಿಸಿನೀರಿನ ನಳಿಕೆ ಮಾತ್ರ ಒಳಗೆ ಬರಲಿ. ಬಾಡಿಗೆ ಮನೆಯೆಂದು ಸುಮ್ಮನಿರಬೇಡಿ, ಮಾಲೀಕರನ್ನು ಕೇಳಿ. ಅದನ್ನು ಬದಲಾಯಿಸುವ ತನಕ ಮೊದಲು ಬಕೆಟ್ ತುಂಬಿಸಿಕೊಂಡು, ಗೀಸರ್ ಆರಿಸಿ, ಬಾಗಿಲು ತೆರೆದಿಟ್ಟು ಗಾಳಿಯಾಡಿಸಿ, ಆಮೇಲೆ ಸ್ನಾನ ಮಾಡಿ.

ಸ್ನಾನ ಮಾಡುವಾಗ ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ಮುಖಕ್ಕೆ ನೀರು ಹಾಕಿಕೊಳ್ಳುತ್ತ ನಿಲ್ಲಬೇಡಿ. ಕಾಲು ಸೋಲುವ ಮೊದಲೇ ಚಿಲಕ ತೆಗೆದು ಹೊರಬನ್ನಿ. ಒಳಗಿದ್ದವರು ಕರೆದರೂ ಓಗೊಡದಿದ್ದರೆ ಹೊರಗಿನಿಂದಲೇ ಅನಿಲ ನಿಲ್ಲಿಸಲು ಸಾಧ್ಯವಾದರೆ ನಿಲ್ಲಿಸಿ, ಬಾಗಿಲು ಒಡೆದಾದರೂ ತೆರೆದು, ಅವರನ್ನು ಬಯಲ ಗಾಳಿಗೆ ತಂದು 108ಕ್ಕೆ ಕರೆ ಮಾಡಿ.