ಶೃಂಗೇರಿಯ ಕಟ್ಟು, ಮಿರಜದ ದಫ್ತರ

ಮೈಸೂರು ಪುರಾತತ್ವ ಇಲಾಖೆಯ 1916ರ ವಾರ್ಷಿಕ ವರದಿಯಲ್ಲಿ ಶಾಸನ, ನಾಣ್ಯ, ದೇವಸ್ಥಾನಗಳ ವಿವರಗಳ ನಡುವೆ ಒಂದು ಸಂಗತಿ ಅಡಗಿ ಕೂತಿದೆ. ಇಲಾಖೆಯ ಮುಖ್ಯಸ್ಥರಾಗಿದ್ದ ಆರ್. ನರಸಿಂಹಾಚಾರ್ಯರಿಗೆ ಶೃಂಗೇರಿ ಮಠದ ಹಳೆಯ ಕಾಗದಪತ್ರಗಳಲ್ಲಿ ಟಿಪ್ಪು ಸುಲ್ತಾನ ಜಗದ್ಗುರುಗಳಿಗೆ ಬರೆಸಿದ ಸುಮಾರು ಮೂವತ್ತು ಪತ್ರಗಳು ಸಿಕ್ಕಿದ್ದವು. ದರ್ಬಾರಿನ ಭಾಷೆ ಪಾರಸಿಯಾಗಿದ್ದರೂ ಈ ಪತ್ರಗಳು ಕನ್ನಡದಲ್ಲಿದ್ದವು. ‘ಕರ್ಣಾಟಕ ಕವಿಚರಿತೆ’ಗಾಗಿ ಓಲೆಗರಿಗಳನ್ನು ಓದಿ ಓದಿ ಪಳಗಿದ್ದ ನರಸಿಂಹಾಚಾರ್ಯರ ಕಣ್ಣಿಗೆ ಇವು ಬಿದ್ದದ್ದು ನಮ್ಮ ಪುಣ್ಯ. ಬೇರೆ ಯಾರಾದರೂ ಆಗಿದ್ದರೆ ತಾಮ್ರಶಾಸನಗಳನ್ನಷ್ಟೇ ಎಣಿಸಿಕೊಂಡು ಹೊರಡುತ್ತಿದ್ದರೇನೋ.

ಬೆಂಗಳೂರಿನ ಶಂಕರಪುರಂ ಎಂಬ ಬಡಾವಣೆಯ ಗುರುತೇ ಶೃಂಗೇರಿಯ ಶಾಖಾಮಠ. ಅಲ್ಲಿಂದ ಚಾಮರಾಜಪೇಟೆಯ ಅಂಚು ಹಿಡಿದು ನಡೆದರೆ ಕೋಟೆ ವೆಂಕಟರಮಣಸ್ವಾಮಿ ದೇವಸ್ಥಾನ, ಅದರ ಮಗ್ಗುಲಲ್ಲೇ ಟಿಪ್ಪುವಿನ ಅರಮನೆ. ಪತ್ರ ಬರೆಸಿದವನ ಮನೆಗೂ ಪತ್ರ ಪಡೆದವರ ಹೆಸರಿನ ಬೀದಿಗೂ ಇಷ್ಟೇ ದೂರ. ಆ ಕಡೆ ಹೋದಾಗಲೆಲ್ಲ ನನಗೆ 1791ನೇ ಇಸವಿ ನೆನಪಾಗುತ್ತದೆ.

ಆ ವರ್ಷ ಮಾರ್ಚ್ 21ರಂದು ಕಾರ್ನ್‌ವಾಲಿಸನ ಸೇನೆ ಬೆಂಗಳೂರು ಕೋಟೆಯನ್ನು ಹಿಡಿಯಿತು. ಇಂಗ್ಲಿಷರ ಜೊತೆಗೂಡಿದ್ದ ಮರಾಠರ ದಂಡು ಪಟವರ್ಧನ ಸರದಾರರ ಕೈಕೆಳಗೆ ಉತ್ತರದಿಂದ ಇಳಿದು ಬಂದಿತ್ತು. ಆ ದಂಡಿನ ಕುದುರೆಯಾಳುಗಳು ಶೃಂಗೇರಿಗೆ ನುಗ್ಗಿದರು. ಅನೇಕರು ಸತ್ತರು, ಮಠ ಲೂಟಿಯಾಯಿತು, ಶಾರದೆಯ ವಿಗ್ರಹವನ್ನೂ ಪೀಠದಿಂದ ಕದಲಿಸಿದರು. ಆಗ ಪೀಠದಲ್ಲಿದ್ದವರು ಮೂರನೆಯ ಸಚ್ಚಿದಾನಂದ ಭಾರತಿಗಳು. ಅವರು ಘಟ್ಟ ಇಳಿದು ಕಾರ್ಕಳ ಸೇರಿ, ಟಿಪ್ಪುವಿಗೆ ಬರೆದರು. ಟಿಪ್ಪು ಸಂಕಟಪಟ್ಟು ಉತ್ತರ ಬರೆಸಿದ, ವಿಗ್ರಹದ ಪುನಃಪ್ರತಿಷ್ಠೆಗೆಂದು ಇನ್ನೂರು ರಹತಿ ನಗದು ಮತ್ತು ಧಾನ್ಯ ಕೊಡುವಂತೆ ಬಿದನೂರಿನ ಆಸಫನಿಗೆ, ಅಂದರೆ ಅಲ್ಲಿನ ಪ್ರಾಂತ್ಯಾಧಿಕಾರಿಗೆ, ಅಪ್ಪಣೆ ಮಾಡಿದ. ಮುಂದಿನ ಪತ್ರಗಳಲ್ಲಿ ರಾಜ್ಯದ ಕ್ಷೇಮಕ್ಕಾಗಿ ಶತಚಂಡಿ, ಸಹಸ್ರಚಂಡಿ ಜಪ ಮಾಡಿಸಬೇಕೆಂಬ ಕೋರಿಕೆಯೂ ಬರುತ್ತದೆ.

ಈ ಕಾಗದಗಳು ಉಳಿದದ್ದಾದರೂ ಹೇಗೆ? ಯಾರೂ ಇವನ್ನು ಚರಿತ್ರೆಯೆಂದು ಕಾದಿಡಲಿಲ್ಲ, ಲೆಕ್ಕದ ಜೊತೆ ಇಟ್ಟುಕೊಂಡರು. ಮಠಕ್ಕೆ ಉಂಬಳಿ ಭೂಮಿಯಿತ್ತು, ಗೇಣಿ ಬರುತ್ತಿತ್ತು, ದಾಸೋಹದ ಖರ್ಚಿತ್ತು. ಬರೆದಿಡುವವರು ಬಟ್ಟೆಗೆ ಇದ್ದಿಲ ಪುಡಿ ಮತ್ತು ಹುಣಸೆ ಬೀಜದ ಅಂಟು ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ ಕಡತ ಮಾಡುತ್ತಿದ್ದರು. ಆ ಕಪ್ಪು ಹಾಳೆಯ ಮೇಲೆ ಬಳಪದಿಂದ ಬರೆದರೆ ಬೆಳ್ಳನೆ ಅಕ್ಷರ ಮೂಡುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಅಳಿಸಿಹೋಗುವ ಅಕ್ಷರ ಅದು. ಒರೆಸದೆ ಬಿಟ್ಟವರ ಹೆಸರುಗಳು ನಮಗೆ ತಿಳಿದಿಲ್ಲ, ಅವರ ಋಣ ಮಾತ್ರ ದೊಡ್ಡದು. ಸನ್ನದು, ನಿರೂಪ, ಪತ್ರ ಎಲ್ಲವೂ ಈ ಲೆಕ್ಕಗಳ ಸಂಗದಲ್ಲೇ ಬದುಕಿಕೊಂಡವು. ಇವನ್ನು ವರ್ಷಗಟ್ಟಲೆ ಕೂತು ಓದಿದವರು ಎ.ಕೆ. ಶಾಸ್ತ್ರಿ. ಶೃಂಗೇರಿಯ ಇತಿಹಾಸದ ಬಗೆಗಿನ ಅವರ ಗ್ರಂಥ 1982ರಲ್ಲಿ ಹೊರಬಂತು.

ಇದೇ ಲೂಟಿಯ ಇನ್ನೊಂದು ಮಗ್ಗುಲು ಮಿರಜದಲ್ಲಿತ್ತು. ಅಲ್ಲಿನ ಶಾಲೆಯಲ್ಲಿ ಸಂಸ್ಕೃತ ಕಲಿಸುತ್ತಿದ್ದ ವಾಸುದೇವಶಾಸ್ತ್ರಿ ಖರೆಯವರು ಪಟವರ್ಧನರ ದಫ್ತರದ ಮೋಡಿ ಲಿಪಿಯ ಕಾಗದಗಳನ್ನು ಬಿಡಿಸಿ ‘ಐತಿಹಾಸಿಕ ಲೇಖ ಸಂಗ್ರಹ’ ಎಂಬ ಸಂಪುಟಗಳನ್ನು ಹೊರತಂದರು. ಲೂಟಿ ಮಾಡಿದ ದಂಡಿನ ಮಾತು ಅಲ್ಲಿದೆ. ತಪ್ಪು ದಂಡಿನ ಬೆನ್ನಿಗೆ ಬರುವ ಲೂಟಿಕೋರ ಪಿಂಡಾರಿಗಳದು ಎಂಬ ಸಮಜಾಯಿಷಿ, ಸ್ವಾಮಿಗಳು ಉಪವಾಸ ಕೂತರೆಂಬ ಕಳವಳ, ಎರಡೂ ಅಲ್ಲಿ ಕಾಣುತ್ತವೆ. ತಮ್ಮ ಕುದುರೆಗಳೇ ಶಂಕರಾಚಾರ್ಯರ ಪೀಠವನ್ನು ತುಳಿದದ್ದು ಆ ಬ್ರಾಹ್ಮಣ ಸರದಾರರನ್ನು ಚುಚ್ಚದೆ ಬಿಡಲಿಲ್ಲ. ಇತಿಹಾಸಕಾರ ಸುರೇಂದ್ರನಾಥ ಸೇನರು ಟಿಪ್ಪುವಿನ ಶೃಂಗೇರಿ ಪತ್ರಗಳ ಬಗ್ಗೆಯೇ ಒಂದು ಪ್ರಬಂಧ ಬರೆದರು.

ಮೂರನೆಯ ರಾಶಿ ಸಮುದ್ರ ದಾಟಿದ್ದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಟಿಪ್ಪುವಿನ ಕಾಗದಗಳು ಕಂಪನಿಯ ಕೈಸೇರಿದವು. ಅವುಗಳಿಂದ ಆಯ್ದ ಪತ್ರಗಳನ್ನು ವಿಲಿಯಂ ಕರ್ಕ್‌ಪ್ಯಾಟ್ರಿಕ್ 1811ರಲ್ಲಿ ಲಂಡನ್ನಿನಲ್ಲಿ ಇಂಗ್ಲಿಷಿಗೆ ತಿರುಗಿಸಿ ಅಚ್ಚುಹಾಕಿಸಿದ. ಅವನ ಟಿಪ್ಪಣಿಗಳ ತುಂಬ ಟಿಪ್ಪುವಿನ ಮೇಲಿನ ಹಗೆ. ನೂರು ವರ್ಷ ಓದುಗರಿಗೆ ಹೆಚ್ಚಾಗಿ ಸಿಕ್ಕಿದ್ದು ಆ ಟಿಪ್ಪುವೇ. ಶೃಂಗೇರಿಯ ಪತ್ರಗಳು ಬಂದ ಮೇಲೆ ಜಗ್ಗಾಟ ಶುರುವಾಯಿತು. 1930ರಲ್ಲಿ ಗಾಂಧೀಜಿಯವರ ‘ಯಂಗ್ ಇಂಡಿಯಾ’ದಲ್ಲೂ ಅವುಗಳ ಪ್ರಸ್ತಾಪ ಬಂತು. ಆ ಪತ್ರಗಳಲ್ಲಿರುವುದು ಭಕ್ತಿಯೆಂದು ಕೆಲವರು, ಇಂಗ್ಲಿಷರು ಕುತ್ತಿಗೆಗೆ ಬಂದಾಗಿನ ರಾಜಕಾರಣವೆಂದು ಕೆಲವರು. ಎರಡೂ ಒಬ್ಬನೇ ಮನುಷ್ಯನಲ್ಲಿ ಇರಬಹುದೆಂದು ನನ್ನ ಅನಿಸಿಕೆ. ಯುದ್ಧ ಸೋಲುತ್ತಿರುವ ಅರಸ ಜಪ ಮಾಡಿಸಿದ್ದು ನಾಟಕವೇ ಆಗಬೇಕಿಲ್ಲ. 2015ರಲ್ಲಿ ಸರ್ಕಾರ ಟಿಪ್ಪು ಜಯಂತಿ ಶುರುಮಾಡಿ, 2019ರಲ್ಲಿ ಸರ್ಕಾರವೇ ಅದನ್ನು ನಿಲ್ಲಿಸಿತು. ಆ ವರ್ಷಗಳಲ್ಲಿ ಈ ಪತ್ರಗಳ ಹೆಸರು ಹೇಳಿ ಕೂಗಾಡಿದವರಲ್ಲಿ ಅವನ್ನು ಓದಿದವರು ಎಷ್ಟು ಕಡಿಮೆಯೆಂದು ಕಂಡು ನನಗೆ ಸಿಟ್ಟು ಬಂದದ್ದು ನಿಜ. ಶೃಂಗೇರಿಯ ಕನ್ನಡ, ಮಿರಜದ ಮರಾಠಿ, ಶ್ರೀರಂಗಪಟ್ಟಣದ ಪಾರಸಿ, ಈ ಮೂರನ್ನೂ ಎದುರುಬದುರು ಇಟ್ಟು ಓದಬೇಕು.

ಓದದವರ ಆ ಕೂಗಾಟಕ್ಕಿಂತ ಹೆಚ್ಚಿನ ಸಂಕಟ ನಮ್ಮ ಬೀದಿಗಳದು. ಶಂಕರಪುರಂ, ಬಸವನಗುಡಿಯ ಹೆಂಚಿನ ಮನೆಗಳು ಒಂದೊಂದಾಗಿ ಉರುಳಿ ಅಪಾರ್ಟ್‌ಮೆಂಟುಗಳಾಗುತ್ತಿವೆ. ಅಟ್ಟದ ಟ್ರಂಕಿನಲ್ಲಿದ್ದ ತಾತನ ದಿನಚರಿ, ಜಮಾಖರ್ಚಿನ ಪುಸ್ತಕ, ತಂತಿಗೆ ಚುಚ್ಚಿಟ್ಟ ಕಾರ್ಡುಗಳು ಕಿಲೋ ಲೆಕ್ಕದಲ್ಲಿ ರದ್ದಿ ಅಂಗಡಿಗೆ ಹೋಗುತ್ತಿವೆ. ಲೆಕ್ಕದ ಪುಸ್ತಕವೆಂದು ಎಸೆಯುವವರಿಗೆ ನನ್ನದೊಂದು ಬಿನ್ನಹ. ಎನ್.ಆರ್. ಕಾಲೊನಿಯಲ್ಲಿ ಬಿ.ಎಂ.ಶ್ರೀ ಸ್ಮಾರಕ ಪ್ರತಿಷ್ಠಾನದ ಹಸ್ತಪ್ರತಿ ಭಂಡಾರವಿದೆ, ಚಾಮರಾಜಪೇಟೆಯಲ್ಲಿ ಸಾಹಿತ್ಯ ಪರಿಷತ್ತಿದೆ. ಟ್ರಂಕು ಖಾಲಿ ಮಾಡುವ ಮುನ್ನ ಹಳೆಯ ಕೈಬರಹ ಓದಬಲ್ಲ ಒಬ್ಬರನ್ನು ಅಲ್ಲಿಂದ ಕರೆಸಿ, ಒಂದು ಮಧ್ಯಾಹ್ನ ಕೂರಿಸಿ ತೋರಿಸಿ.