ಇಂಗ್ಲಿಷ್ ಬಾರದ ಉಮ್ಮನೂ ಇಂಗ್ಲಿಷ್ ಕಲಿಸಬಹುದು

ಮೊನ್ನೆ ಮದ್ರಸ ಬಿಟ್ಟ ಮೇಲೆ ಒಬ್ಬರು ತಾಯಿ ಬಾಗಿಲಲ್ಲಿ ನಿಂತು ಕೇಳಿದರು: "ಉಸ್ತಾದ್, ಮನೆಯಲ್ಲೂ ಇಂಗ್ಲಿಷೇ ಮಾತಾಡಿ ಅಂತ ಶಾಲೆಯಲ್ಲಿ ಹೇಳ್ತಾರೆ. ಏಳನೇ ಕ್ಲಾಸ್ ಕಲಿತ ನಾನು ಏನಂತ ಮಾತಾಡಲಿ?" ಆ ಮನೆಯಲ್ಲಿ ಮಗುವಿನ ಜೊತೆ ಬ್ಯಾರಿ ಮಾತಾಡುವುದನ್ನೇ ಕಮ್ಮಿ ಮಾಡಿದ್ದಾರಂತೆ. ಅಜ್ಜಿಯ ಕಥೆಯೂ ನಿಂತಿದೆ. 'ಕಮ್, ಗೋ, ಈಟ್' ಇಷ್ಟರಲ್ಲೇ ದಿನ ಮುಗಿಯುತ್ತದೆ.

ಕೇಳಿ ಸಂಕಟವಾಯಿತು. ಹೀಗಾದರೆ ಮಗುವಿಗೆ ಎರಡೂ ಭಾಷೆ ಸಿಗುವುದಿಲ್ಲ. ಅಸೂಯೆ ಎಂದರೇನು, ಮೋಸ ಎಂದರೇನು ಎಂದು ಅಜ್ಜಿಯ ಕಥೆಯಿಂದ ತಿಳಿದ ಮಗುವಿಗೆ ಇಂಗ್ಲಿಷ್‌ನಲ್ಲಿ ಹೊಸದಾಗಿ ಬೇಕಾದ್ದು ಹೆಸರು ಮಾತ್ರ. ವಿಷಯವೇ ಗೊತ್ತಿಲ್ಲದಿದ್ದರೆ ಸ್ಪೆಲ್ಲಿಂಗ್ ಬಾಯಿಪಾಠ ಮಾಡಿಸಿ ಏನು ಪ್ರಯೋಜನ?

ಮೀನು ಶುಚಿ ಮಾಡುವಾಗ ಮಗುವನ್ನು ಹತ್ತಿರ ಕೂರಿಸಿಕೊಳ್ಳಿ ಅಂದೆ. ಬಂಗುಡೆ ಮ್ಯಾಕೆರೆಲ್, ಬೂತಾಯಿ ಸಾರ್ಡೀನ್, ಕಿವಿರು ಗಿಲ್. ನಮ್ಮ ಮಕ್ಕಳಿಗೆ ಸ್ಕೇಲ್ ಅಂದರೆ ಗೆರೆ ಎಳೆಯುವ ಪಟ್ಟಿ. ಮೀನಿನ ಹುರುಪೆಗೂ ಅದೇ ಹೆಸರು ಅಂತ ಕೈಯಿಂದ ಮುಟ್ಟಿ ತಿಳಿದ ಮಗು ಅಷ್ಟು ಬೇಗ ಮರೆಯುವುದಿಲ್ಲ. ಉಮ್ಮನಿಗೆ ಪದ ಗೊತ್ತಿಲ್ಲವೇ? ಮಗುವೇ ಡಿಕ್ಷನರಿ ನೋಡಿ ಉಮ್ಮನಿಗೆ ಕಲಿಸಲಿ. ಕಲಿಸುವವರಿಗೇ ಪಾಠ ಹೆಚ್ಚು ಗಟ್ಟಿಯಾಗುವುದನ್ನು ಮದ್ರಸದಲ್ಲಿ ದಿನಾ ನೋಡುತ್ತೇನೆ. ಗಲ್ಫ್‌ನಲ್ಲಿರುವ ತಂದೆಯೂ ಫೋನ್ ಮಾಡಿದಾಗ ಮಾರ್ಕ್ಸ್ ಕೇಳುವ ಬದಲು, "ಇವತ್ತು ನನಗೊಂದು ಹೊಸ ಪದ ಹೇಳು" ಅನ್ನಲಿ.

ದಿನಕ್ಕೆ 20 ಪದ ಬರೆಸಬೇಡಿ ಮಾರಾಯ್ರೆ, ಮೂರು ಸಾಕು. ಹಿಫ್ಝ್ ಮಾಡುವ ಮಕ್ಕಳನ್ನು ನೋಡಿ. ಹೊಸ ಪಾಠ ಸ್ವಲ್ಪವೇ, ಹಳೆಯದನ್ನು ಒಪ್ಪಿಸುವುದು ತಪ್ಪುವುದಿಲ್ಲ. ಪದಗಳೂ ಹಾಗೆಯೇ. ಮರುದಿನ ಕೇಳಿ, ವಾರ ಬಿಟ್ಟು ಕೇಳಿ, ತಿಂಗಳ ನಂತರ ಪುನಃ ಕೇಳಿ. ತಪ್ಪಿದರೆ ನೆಂಟರ ಎದುರು ನಗಬೇಡಿ. ಒಮ್ಮೆ ನಾಚಿಕೊಂಡ ಮಗು ಮತ್ತೆ ಬಾಯಿ ಬಿಡುವುದಿಲ್ಲ.

ಮದ್ರಸದ ಅರಬಿಯೂ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಕುತ್ನ್ ಇಂಗ್ಲಿಷ್‌ಗೆ ಹೋಗಿ ಕಾಟನ್ ಆಯಿತು, ಸಿಫ್ರ್ ಝೀರೊ ಆಯಿತು. ಒಂಬತ್ತನೇ ಶತಮಾನದಲ್ಲಿ ಅಲ್ ಖ್ವಾರಿಝ್ಮಿ ಬರೆದ ಗಣಿತ ಗ್ರಂಥದ ಹೆಸರಿನಲ್ಲಿದ್ದ ಅಲ್ ಜಬ್ರ್ ಇವತ್ತಿನ ಆಲ್ಜೀಬ್ರಾ. ಯಾತ್ರಿಕನ ನಮಾಝ್ ಪಾಠ ಮಾಡುವಾಗ, ಸಫರ್ ಎಂಬ ಪದವೇ ಆಫ್ರಿಕಾದ ಸ್ವಾಹಿಲಿ ಭಾಷೆಗೆ ಹೋಗಿ ಸಫಾರಿ ಆಗಿ ಇಂಗ್ಲಿಷ್‌ಗೆ ಬಂತು ಅಂದೆ. ಹಿಂದಿನ ಬೆಂಚಿನವರೂ ತಲೆ ಎತ್ತಿದರು.

ಆ ತಾಯಿ ಈ ವಾರ ಪುನಃ ಸಿಕ್ಕಿದ್ದರು. ಪರೀಕ್ಷೆ ಇನ್ನೂ ಆಗಿಲ್ಲ, ಮಾರ್ಕ್ಸ್ ಏನಾಗುತ್ತದೋ ಗೊತ್ತಿಲ್ಲ. ಅಜ್ಜಿ ಮಾತ್ರ ಕಥೆ ಶುರು ಮಾಡಿದ್ದಾರೆ. ಕಥೆಯಲ್ಲಿ ನರಿ ಬಂದಾಗಲೆಲ್ಲ ಮಗು ಮಧ್ಯೆ ಬಾಯಿ ಹಾಕಿ "ಫಾಕ್ಸ್, ಫಾಕ್ಸ್" ಅನ್ನುತ್ತದಂತೆ.