ವಾಟ್ಸ್‌ಆ್ಯಪ್ ಗುಂಪಿನ ಸಂದೇಶ ಮತ್ತು ಸದಸ್ಯರ ಕಾನೂನು ಹೊಣೆ

ಬೆಂಗಳೂರು ಉತ್ತರ ಮತ್ತು ಯಲಹಂಕ ತಾಲ್ಲೂಕುಗಳ ಗ್ರಾಮ ಪಂಚಾಯಿತಿಗಳಲ್ಲಿ ನೀರಿನ ಟ್ಯಾಂಕರು, ಕಸದ ವಾಹನ, ಬೀದಿದೀಪ, ಇ-ಸ್ವತ್ತು ಮುಂತಾದ ದೈನಂದಿನ ವಿಷಯಗಳ ಚರ್ಚೆ ಈಗ ಬಹುಮಟ್ಟಿಗೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ನಡೆಯುತ್ತಿದೆ. ತಲೆಮಾರುಗಳಿಂದ ಊರಿನಲ್ಲಿ ಇರುವವರೂ ಹೊಸ ಬಡಾವಣೆಗೆ ನಿನ್ನೆ ಮೊನ್ನೆ ಬಂದವರೂ ಒಂದೇ ಗುಂಪಿನಲ್ಲಿರುತ್ತಾರೆ. ಕಟ್ಟೆಯ ಮೇಲೆ ಕುಳಿತು ಆಡಿದಂತೆಯೇ ಅಲ್ಲಿಯೂ ಮಾತು ಹರಿಯುತ್ತದೆ. ಆದರೆ ಕಟ್ಟೆಯ ಮಾತು ಅಲ್ಲಿಗೇ ಮುಗಿಯುತ್ತದೆ; ಗುಂಪಿನ ಮಾತು ದಿನಾಂಕ, ವೇಳೆ ಮತ್ತು ದೂರವಾಣಿ ಸಂಖ್ಯೆಯೊಡನೆ ನೂರಾರು ಫೋನುಗಳಲ್ಲಿ ದಾಖಲಾಗುತ್ತದೆ.

ಸದಸ್ಯರು ಮೊದಲು ಮನಗಾಣಬೇಕಾದ ಸಂಗತಿಯೆಂದರೆ, ಬೇರೆಯವರು ಬರೆದುದನ್ನು ಮುಂದಕ್ಕೆ ಕಳುಹಿಸುವುದೂ ಕಾನೂನಿನ ದೃಷ್ಟಿಯಲ್ಲಿ ಸ್ವತಂತ್ರ ಕೃತ್ಯ. 'ಬಂದದ್ದನ್ನು ಬಂದ ಹಾಗೆ ಕಳುಹಿಸಿದ್ದೇನೆ' ಎಂಬ ಒಕ್ಕಣೆಯಿಂದ ಯಾವ ರಕ್ಷಣೆಯೂ ದೊರೆಯದು. ತಮಿಳುನಾಡಿನ ನಟ, ಮಾಜಿ ಶಾಸಕ ಎಸ್.ವಿ. ಶೇಖರ್ ಅವರು 2018ರಲ್ಲಿ ಪತ್ರಕರ್ತೆಯರನ್ನು ಹೀಯಾಳಿಸುವ ಬರಹವೊಂದನ್ನು ಫೇಸ್‌ಬುಕ್‌ನಲ್ಲಿ ಹಂಚಿಕೊಂಡಿದ್ದರು. ಬರಹ ಅವರದಾಗಿರಲಿಲ್ಲ, ಅದನ್ನು ಬೇಗನೆ ಅಳಿಸಿ ಕ್ಷಮೆಯನ್ನೂ ಕೇಳಿದ್ದರು. ಕಣ್ಣಿಗೆ ಔಷಧಿ ಹಾಕಿಕೊಂಡಿದ್ದರಿಂದ ಓದದೆಯೇ ಹಂಚಿದರೆಂಬ ವಾದವನ್ನು ಸರ್ವೋಚ್ಚ ನ್ಯಾಯಾಲಯದ ಮುಂದೆ ಮಂಡಿಸಲಾಯಿತು. 2023ರ ಆಗಸ್ಟ್‌ನಲ್ಲಿ ನ್ಯಾಯಾಲಯವು ಪ್ರಕರಣವನ್ನು ರದ್ದುಪಡಿಸಲು ನಿರಾಕರಿಸಿತು. ಮರುವರ್ಷ ಚೆನ್ನೈನ ವಿಶೇಷ ನ್ಯಾಯಾಲಯವು ಒಂದು ತಿಂಗಳ ಸಜೆ ವಿಧಿಸಿತು. ಕೇವಲ 'ಲೈಕ್' ಒತ್ತುವುದರ ಬಗ್ಗೆ ಸ್ವಲ್ಪ ಸಡಿಲಿಕೆಯುಂಟು. ಲೈಕ್ ಮಾಡಿದ ಮಾತ್ರಕ್ಕೆ ಅದು ಮಾಹಿತಿ ತಂತ್ರಜ್ಞಾನ ಅಧಿನಿಯಮದ ಕಲಂ 67ರ ಅರ್ಥದಲ್ಲಿ ಪ್ರಕಟಣೆಯೂ ಆಗದು, ರವಾನೆಯೂ ಆಗದು ಎಂದು ಅಲಹಾಬಾದ್ ಉಚ್ಚ ನ್ಯಾಯಾಲಯವು 2025ರಲ್ಲಿ ಹೇಳಿದೆ; ಹಂಚಿಕೊಂಡರೆ ಮಾತು ಬೇರೆ.

ಒಂದು ಪೋಸ್ಟ್ ಎಲ್ಲಿಗೆ ಮುಟ್ಟಬಲ್ಲುದೆಂಬುದಕ್ಕೆ ದೂರದ ಉದಾಹರಣೆ ಬೇಕಿಲ್ಲ. ಆರ್.ಟಿ. ನಗರಕ್ಕೆ ಹೊಂದಿಕೊಂಡ ಕಾವಲ್ ಬೈರಸಂದ್ರ ಮತ್ತು ಪಕ್ಕದ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿಗಳಲ್ಲಿ 2020ರ ಆಗಸ್ಟ್ 11ರ ರಾತ್ರಿ ನಡೆದುದು ಎಲ್ಲರಿಗೂ ನೆನಪಿದೆ. ಅಂದಿನ ಪುಲಕೇಶಿನಗರ ಶಾಸಕರ ಸಂಬಂಧಿಯೊಬ್ಬರು ಹಾಕಿದರೆನ್ನಲಾದ, ಧಾರ್ಮಿಕ ಭಾವನೆಗೆ ಧಕ್ಕೆ ತರುವ ಫೇಸ್‌ಬುಕ್ ಪೋಸ್ಟ್ ಒಂದು ಕೆಲವೇ ಗಂಟೆಗಳಲ್ಲಿ ಫೋನಿನಿಂದ ಫೋನಿಗೆ ಹರಡಿತು. ಗುಂಪುಗಳು ಶಾಸಕರ ಮನೆಯ ಮುಂದೆಯೂ ಪೊಲೀಸ್ ಠಾಣೆಯ ಮುಂದೆಯೂ ಸೇರಿ ಬೆಂಕಿ ಹಚ್ಚಿದವು. ಪೊಲೀಸ್ ಗೋಲಿಬಾರಿನಲ್ಲಿ ಮೂವರು ಸತ್ತರು. ಪೋಸ್ಟ್ ಹಾಕಿದ ಆರೋಪಿಯ ಬಂಧನವಾಯಿತು. ಬೆಂಕಿ ಹಚ್ಚಿದವರ ಅಪರಾಧವು ಪೋಸ್ಟಿನ ಕಾರಣದಿಂದ ಕಿಂಚಿತ್ತೂ ಕಡಿಮೆಯಾಗದು. ನೂರಾರು ಮಂದಿ ಬಂಧಿತರಾದರು. ತನಿಖೆ ರಾಷ್ಟ್ರೀಯ ತನಿಖಾ ಸಂಸ್ಥೆಗೆ ಹೋಯಿತು. ಆಸ್ತಿಹಾನಿಯನ್ನು ಅಂದಾಜಿಸಲು ಉಚ್ಚ ನ್ಯಾಯಾಲಯವು ನಿವೃತ್ತ ನ್ಯಾಯಮೂರ್ತಿಯೊಬ್ಬರನ್ನು ಕ್ಲೇಮ್ಸ್ ಆಯುಕ್ತರನ್ನಾಗಿ ನೇಮಿಸಿತು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಕಲಂ 196 ಗುಂಪುಗಳ ನಡುವೆ ವೈರ ಬೆಳೆಸುವುದನ್ನು ಮೂರು ವರ್ಷದವರೆಗೆ ಶಿಕ್ಷಿಸುತ್ತದೆ. ಈ ಕಲಂ ಧರ್ಮ ಮತ್ತು ಜಾತಿಗೆ ಮಾತ್ರ ಸೀಮಿತವೆಂಬ ಭಾವನೆ ಸಾಮಾನ್ಯವಾಗಿದೆ. ಕಲಮಿನಲ್ಲಿ ಹುಟ್ಟಿದ ಸ್ಥಳ, ವಾಸಸ್ಥಳ ಮತ್ತು ಭಾಷೆ ಎಂಬ ಪದಗಳೂ ಇವೆ. ನೀರಿನ ಜಗಳದ ನಡುವೆ 'ಹೊರಗಿನಿಂದ ಬಂದವರನ್ನು ಓಡಿಸಿ' ಎಂದು ಬರೆಯುವ ಸದಸ್ಯರೂ, 'ಈ ಹಳ್ಳಿಯವರ ಬುದ್ಧಿಯೇ ಇಷ್ಟು' ಎಂದು ಉತ್ತರಿಸುವ ಅಪಾರ್ಟ್‌ಮೆಂಟ್ ನಿವಾಸಿಯೂ ಇದನ್ನು ಒಮ್ಮೆ ಓದಿಕೊಳ್ಳುವುದೊಳಿತು. ಭಯ ಹುಟ್ಟಿಸುವ ಸುಳ್ಳು ವದಂತಿಗೆ ಕಲಂ 353, ಮಾನಹಾನಿಗೆ ಕಲಂ 356 ಅನ್ವಯಿಸುತ್ತವೆ. ಪರಿಶಿಷ್ಟ ಜಾತಿ, ಪಂಗಡದ ವ್ಯಕ್ತಿಯನ್ನು ಜಾತಿ ಹೆಸರೆತ್ತಿ ನಿಂದಿಸಿದರೆ ದೌರ್ಜನ್ಯ ತಡೆ ಅಧಿನಿಯಮದಡಿ ಕನಿಷ್ಠ ಆರು ತಿಂಗಳಿನಿಂದ ಐದು ವರ್ಷದವರೆಗೆ ಸಜೆಯುಂಟು. ಅಂತರ್ಜಾಲವೂ ಸಾರ್ವಜನಿಕರ ದೃಷ್ಟಿಗೆ ಬೀಳುವ ಸ್ಥಳವೇ ಎಂದು ಕೇರಳ ಉಚ್ಚ ನ್ಯಾಯಾಲಯವು 2022ರಲ್ಲಿ ತಿಳಿಸಿದೆ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಚರಂಡಿ ಕಾಮಗಾರಿ ಕಳಪೆಯೆಂದು ಗ್ರಾಮಸ್ಥರೊಬ್ಬರು ಚಿತ್ರ ಸಹಿತ ಬರೆದರೆ 'ಸೈಬರ್ ಕೇಸು ಹಾಕಿಸುತ್ತೇನೆ' ಎಂದು ಗದರಿಸುವ ರೂಢಿ ಕೆಲವೆಡೆ ಇದೆ. 'ಕಿರಿಕಿರಿ ಉಂಟುಮಾಡುವ' ಸಂದೇಶವನ್ನು ಅಪರಾಧವೆನ್ನುತ್ತಿದ್ದ ಕಲಂ 66ಎ ಅನ್ನು ಸರ್ವೋಚ್ಚ ನ್ಯಾಯಾಲಯವು 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ರದ್ದುಪಡಿಸಿದೆ. ಪಂಚಾಯಿತಿಯ ಕೆಲಸದ ಟೀಕೆ ಅಪರಾಧವಲ್ಲ. ಅಳತೆ ಪುಸ್ತಕವನ್ನು ತೋರಿಸುವುದೇ ಅದಕ್ಕೆ ತಕ್ಕ ಉತ್ತರ.

ಗುಂಪಿನ ಅಡ್ಮಿನ್‌ಗಳ ಪ್ರಶ್ನೆ ಸದಸ್ಯರಿಂದ ಪದೇ ಪದೇ ಬರುತ್ತದೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿಯಿಂದಾಗಿ ಜನರು ಹೈದರಾಬಾದಿನ ಯುವ ಎಂಜಿನಿಯರೊಬ್ಬರನ್ನು ಹೊಡೆದು ಕೊಂದರು. ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಸಂಶಯಕ್ಕೆ ಮೂಲ. ಬಂಧಿತರಲ್ಲಿ ಗುಂಪಿನ ಅಡ್ಮಿನ್ ಕೂಡ ಇದ್ದರು. ಬೇರೊಬ್ಬರು ಹಾಕಿದ ಸಂದೇಶಕ್ಕೆ, ಸಮಾನ ಉದ್ದೇಶವಿಲ್ಲದಿದ್ದರೆ, ಅಡ್ಮಿನ್ ತಾನಾಗಿ ಹೊಣೆಯಾಗನೆಂದು ಬಾಂಬೆ ಮತ್ತು ಕೇರಳ ಉಚ್ಚ ನ್ಯಾಯಾಲಯಗಳು ತರುವಾಯ ಸ್ಪಷ್ಟಪಡಿಸಿವೆ. ಆದಾಗ್ಯೂ ಗಲಭೆಯ ದಿನ ಠಾಣೆಯಿಂದ ಮೊದಲ ಕರೆ ಬರುವುದು ಅಡ್ಮಿನ್‌ಗೇ. ಅಡ್ಮಿನ್ ಇತರರ ಸಂದೇಶವನ್ನೂ ಅಳಿಸಬಹುದು. ಉದ್ವೇಗದ ಸಮಯದಲ್ಲಿ 'ಅಡ್ಮಿನ್‌ಗಳು ಮಾತ್ರ ಸಂದೇಶ ಕಳುಹಿಸಬಹುದು' ಎಂಬ ಆಯ್ಕೆಯನ್ನು ಒತ್ತಬಹುದು. ಸಂದೇಶದ ಮೇಲೆ ಜೋಡಿ ಬಾಣದ ಗುರುತಿದ್ದರೆ ಅದು ಹಲವು ಕೈ ದಾಟಿ ಬಂದದ್ದೆಂದು ಅರ್ಥ. ಅಂತಹುದನ್ನು ಪರಿಶೀಲಿಸದೆ ಗ್ರಾಮದ ಗುಂಪಿಗೆ ಹಾಕಲೇಬಾರದು.

ಒಳ್ಳೆಯ ಉದ್ದೇಶದಿಂದಲೇ ಆಗುವ ತಪ್ಪುಗಳು ಇನ್ನೂ ಕೆಲವಿವೆ. ಫಲಾನುಭವಿಗಳ ಪಟ್ಟಿಯನ್ನು ಆಧಾರ್ ಸಂಖ್ಯೆ ಸಮೇತ ಚಿತ್ರ ತೆಗೆದು ಗುಂಪಿಗೆ ಹಾಕುವುದು ಆಧಾರ್ ಅಧಿನಿಯಮದ ಕಲಂ 29ಕ್ಕೆ ವಿರುದ್ಧ. ದೌರ್ಜನ್ಯಕ್ಕೊಳಗಾದ ಮಗುವಿಗೆ 'ನ್ಯಾಯ ಸಿಗಲಿ' ಎಂದು ಆ ಮಗುವಿನ ಭಾವಚಿತ್ರ, ಶಾಲೆ ಅಥವಾ ಮನೆಯ ವಿವರ ಹಾಕಿದರೆ ಪೋಕ್ಸೋ ಕಲಂ 23ರಂತೆ ಕನಿಷ್ಠ ಆರು ತಿಂಗಳ ಸಜೆ. ಅತ್ಯಾಚಾರ ಸಂತ್ರಸ್ತೆಯ ಗುರುತು ಬಯಲು ಮಾಡಿದರೆ ನ್ಯಾಯ ಸಂಹಿತೆಯ ಕಲಂ 72ರಡಿ ಎರಡು ವರ್ಷದವರೆಗೆ.

ಅಳಿಸಿಬಿಟ್ಟರೆ ಆಯಿತೆಂಬ ಧೈರ್ಯಕ್ಕೆ ಆಧಾರವಿಲ್ಲ. ಅಳಿಸುವ ಮುನ್ನ ತೆಗೆದ ಸ್ಕ್ರೀನ್‌ಶಾಟ್, ಬ್ಯಾಕಪ್ ಪ್ರತಿ ಮತ್ತೊಬ್ಬರಲ್ಲಿ ಉಳಿದಿರುತ್ತದೆ. ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರಡಿ ವಿದ್ಯುನ್ಮಾನ ದಾಖಲೆಯ ಜೊತೆ ಸಲ್ಲಿಸುವ ಪ್ರಮಾಣಪತ್ರದಲ್ಲಿ ಅದರ 'ಹ್ಯಾಶ್' ಮೌಲ್ಯವನ್ನು ನಮೂದಿಸಬೇಕು. ಕಡತದ ಒಂದು ಅಕ್ಷರ ಬದಲಾದರೂ ಈ ಮೌಲ್ಯ ಬದಲಾಗುವುದರಿಂದ ತಿದ್ದುಪಡಿ ಕೂಡಲೇ ಸಿಕ್ಕಿಬೀಳುತ್ತದೆ. ತಪ್ಪು ಸಂದೇಶ ಹೋಗಿದೆಯೆಂದು ಗೊತ್ತಾದೊಡನೆ ಅದರ ಪ್ರತಿಯೊಂದನ್ನು ತಮ್ಮಲ್ಲಿಟ್ಟುಕೊಂಡು, ಗುಂಪಿನಿಂದ ತೆಗೆದು, ಅದೇ ಗುಂಪಿನಲ್ಲಿ ತಿದ್ದುಪಡಿ ಹಾಕುವುದು ಸರಿಯಾದ ಕ್ರಮ. ದೂರು ದಾಖಲಾದ ಬಳಿಕ ಫೋನಿನಿಂದ ಏನನ್ನೂ ಅಳಿಸಬಾರದು. ಸಾಕ್ಷ್ಯವಾಗಬಹುದಾದ ವಿದ್ಯುನ್ಮಾನ ದಾಖಲೆಯನ್ನು ನಾಶಪಡಿಸುವುದು ಕಲಂ 241ರಡಿ ಮೂರು ವರ್ಷದವರೆಗೆ ಶಿಕ್ಷಾರ್ಹವಾದ ಮತ್ತೊಂದು ಅಪರಾಧ. ನಾಗರಿಕ ಸುರಕ್ಷಾ ಸಂಹಿತೆಯ ಕಲಂ 35(3)ರಡಿ ಪೊಲೀಸ್ ನೋಟಿಸು ಬಂದರೆ ನಿಗದಿತ ದಿನ ಹಾಜರಾಗತಕ್ಕದ್ದು. ಹಾಜರಾಗದಿರುವುದೇ ಬಂಧನಕ್ಕೆ ಕಾರಣವಾಗಬಹುದು. ಸದಸ್ಯರ ವಿರುದ್ಧವೇ ಅವಹೇಳನಕಾರಿ ಅಥವಾ ತಿರುಚಿದ ಚಿತ್ರ ಹರಿದಾಡುತ್ತಿದ್ದರೆ ಸ್ಕ್ರೀನ್‌ಶಾಟ್, ಕಳುಹಿಸಿದ ಸಂಖ್ಯೆ ಮತ್ತು ವೇಳೆಯನ್ನು ಗುರುತಿಸಿಕೊಂಡು ಆಯಾ ವಿಭಾಗದ ಸಿಇಎನ್ ಪೊಲೀಸ್ ಠಾಣೆಯಲ್ಲಿ ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ದೂರು ಸಲ್ಲಿಸಬಹುದು. 1930 ಸಹಾಯವಾಣಿಯು ಮುಖ್ಯವಾಗಿ ಹಣ ಕಳೆದುಕೊಂಡ ಪ್ರಕರಣಗಳಿಗೆ.